ಜಪಾನಿನ ಹಳ್ಳಿ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟಿರಾ? ತಯಾರಿ ಹೀಗಿರಲಿ

ಜಪಾನಿನ ಶಾಲೆಯಲ್ಲಿ ಕೆಲಸ ಸಿಕ್ಕಿತು ಅಂದ ತಕ್ಷಣ ಹೆಚ್ಚಿನವರು ಪಾಠದ ಪುಸ್ತಕ, ಆಟದ ಕಾರ್ಡು ಅಂತ ಹುಡುಕಲು ಶುರು ಮಾಡುತ್ತಾರೆ. ಆದರೆ ಸಣ್ಣ ಊರಿಗೆ ಹೋಗುವವರನ್ನು ತರಗತಿಗಿಂತ ಜಾಸ್ತಿ ಕಾಡುವುದು ದಿನನಿತ್ಯದ ಬದುಕು. ಟೋಕಿಯೊದಲ್ಲಾದರೆ ಏನೇ ಮರೆತರೂ ಸಂಜೆಯೊಳಗೆ ಕೊಂಡು ತರಬಹುದು. ಇಂಗ್ಲಿಷ್ ಬಲ್ಲ ಡಾಕ್ಟರೂ ಸಿಗುತ್ತಾರೆ. ಬೆಟ್ಟದ ನಡುವಿನ ಊರಿನಲ್ಲಿ ಇದೆಲ್ಲ ಸಿಗುವುದು ಕಷ್ಟ. ಊರು ಚಿಕ್ಕದಾದಷ್ಟೂ ಹೊರಡುವ ಮುಂಚೆಯೇ ಮುಗಿಸಬೇಕಾದ ಕೆಲಸ ಹೆಚ್ಚು.

ಮೊದಲು, ಕೆಲಸ ಕೊಡುವವರು ಯಾರು ಅಂತ ನೋಡಿ

ಹಳ್ಳಿ ಶಾಲೆಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಜಪಾನ್ ಸರ್ಕಾರದ ಜೆಟ್ ಯೋಜನೆ. 1987ರಲ್ಲಿ ಶುರುವಾದ ಇದರಲ್ಲಿ ನೀವು ಎಎಲ್‌ಟಿ, ಅಂದರೆ ಸಹಾಯಕ ಭಾಷಾ ಶಿಕ್ಷಕರಾಗುತ್ತೀರಿ. ಯಾವುದೇ ವಿಷಯದ ಪದವಿ ಸಾಕು, ಶಿಕ್ಷಕ ತರಬೇತಿ ಕಡ್ಡಾಯವಲ್ಲ. ಒಪ್ಪಂದ ಒಂದೊಂದು ವರ್ಷದ್ದು, ಹೆಚ್ಚೆಂದರೆ ಐದು ವರ್ಷ ಮುಂದುವರಿಸಬಹುದು. ಯಾವ ಊರು ಬೇಕು ಅಂತ ಅರ್ಜಿಯಲ್ಲಿ ಬರೆಯಬಹುದು, ಆದರೆ ಅದೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಯಾವ ದೇಶದಿಂದ ಯಾವ ಹುದ್ದೆಗೆ ಜನರನ್ನು ತೆಗೆದುಕೊಳ್ಳುತ್ತಾರೆ ಎಂಬುದೂ ಬೇರೆ ಬೇರೆ. ಹಾಗಾಗಿ ನಿಮ್ಮ ದೇಶದಲ್ಲಿರುವ ಜಪಾನ್ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಿ.

ಎರಡನೆಯದು, ಊರಿನ ಶಿಕ್ಷಣ ಮಂಡಳಿಯೇ ನೇರವಾಗಿ ನೇಮಿಸಿಕೊಳ್ಳುವುದು. ಮೂರನೆಯದು, ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳು. ಕಂಪನಿಯ ಮೂಲಕ ಹೋಗುವುದಾದರೆ ಸಹಿ ಹಾಕುವ ಮುಂಚೆ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ರಜೆಯ ತಿಂಗಳುಗಳಲ್ಲಿ ಪೂರ್ತಿ ಸಂಬಳ ಬರುತ್ತದೆಯೇ? ಕಾರು, ಪೆಟ್ರೋಲ್ ಖರ್ಚು ಯಾರದು? ನೌಕರರ ಆರೋಗ್ಯ ವಿಮೆ, ಪಿಂಚಣಿಗೆ ಸೇರಿಸುತ್ತಾರೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಪಡೆಯಿರಿ. ದೂರದ ಊರಿಗೆ ಹೋಗಿ ಸೇರಿದ ಮೇಲೆ ಇವನ್ನೆಲ್ಲ ಮಾತಾಡಿ ಬಗೆಹರಿಸುವುದು ತುಂಬಾ ಕಷ್ಟ.

ಕಾಗದಪತ್ರ

ಸರ್ಕಾರಿ ಶಾಲೆಯಲ್ಲಿ ಕಲಿಸುವವರಿಗೆ ಸಾಮಾನ್ಯವಾಗಿ ಸಿಗುವುದು 'ಬೋಧಕ' ವರ್ಗದ ವೀಸಾ. ಇದಕ್ಕೆ ಪದವಿಯ ಜೊತೆಗೆ, ಕಲಿಸುವ ಭಾಷೆಯ ಮಾಧ್ಯಮದಲ್ಲೇ 12 ವರ್ಷ ಓದಿರಬೇಕು ಎಂಬ ನಿಯಮವಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶದವರು ಓದಿದ ಶಾಲೆ, ಕಾಲೇಜುಗಳಿಂದ ಮಾಧ್ಯಮದ ದೃಢೀಕರಣ ಪತ್ರ ತಂದಿಟ್ಟುಕೊಳ್ಳಬೇಕು. ಹಳೆಯ ಶಾಲೆಯಿಂದ ಪತ್ರ ಬರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಅರ್ಜಿ ಹಾಕುವ ಯೋಚನೆ ಬಂದ ದಿನವೇ ಇದನ್ನು ಶುರು ಮಾಡಿ.

ಔಷಧದ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟು. ಆಂಫೆಟಮಿನ್ ಇರುವ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಮಾತ್ರೆಗಳಿಗೆ ಡಾಕ್ಟರ ಚೀಟಿ ಇದ್ದರೂ ಪ್ರವೇಶವಿಲ್ಲ. ಶೇ 10ಕ್ಕಿಂತ ಹೆಚ್ಚು ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆಯನ್ನೂ ಒಯ್ಯುವಂತಿಲ್ಲ. ಉಳಿದಂತೆ ಡಾಕ್ಟರು ಬರೆದುಕೊಟ್ಟ ಸಾಮಾನ್ಯ ಔಷಧವನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಜಾಸ್ತಿ ಬೇಕಿದ್ದರೆ ಆಮದು ದೃಢೀಕರಣ ಪತ್ರಕ್ಕೆ ಮುಂಚಿತವಾಗಿ ಅರ್ಜಿ ಹಾಕಬೇಕು. ಮಾತ್ರೆಯ ಬ್ರ್ಯಾಂಡ್ ಹೆಸರಿನ ಜೊತೆಗೆ ಒಳಗಿರುವ ಮದ್ದಿನ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿನ ಡಾಕ್ಟರಿಗೆ ಬ್ರ್ಯಾಂಡ್ ಹೆಸರು ಗೊತ್ತಿರಲಿಕ್ಕಿಲ್ಲ.

ನಿಮಗಿಂತ ಮುಂಚೆ ಇದ್ದವರನ್ನು ಹುಡುಕಿ

ಇಡೀ ತಯಾರಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ನೀವು ಹೋಗುವ ಹುದ್ದೆಯಲ್ಲಿ ಈಗಾಗಲೇ ಒಬ್ಬರು ಇದ್ದಾರೆ, ಇಲ್ಲವೇ ಇತ್ತೀಚಿನವರೆಗೆ ಇದ್ದರು. ಶಿಕ್ಷಣ ಮಂಡಳಿಯನ್ನು ಕೇಳಿ ಅವರ ಸಂಪರ್ಕ ಪಡೆಯಿರಿ. ಒಂದೇ ಊರಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ಯಾವ ಕೈಪಿಡಿಯಲ್ಲೂ ಇರುವುದಿಲ್ಲ.

ಏನು ಕೇಳಬೇಕು? ಎಷ್ಟು ಶಾಲೆಗಳಿಗೆ ಹೋಗಬೇಕು, ಹೋಗುವುದು ಹೇಗೆ ಅಂತ ಕೇಳಿ. ಹಳ್ಳಿಗಾಡಿನಲ್ಲಿ ಒಬ್ಬರೇ ಶಿಕ್ಷಕರು ವಾರವಿಡೀ ಬೇರೆ ಬೇರೆ ಶಾಲೆಗಳಿಗೆ ತಿರುಗುವುದು ಸಾಮಾನ್ಯ. ಮನೆ ಶಿಕ್ಷಕರ ವಸತಿಗೃಹವೋ, ಬಾಡಿಗೆಯದೋ? ಬಾಡಿಗೆಯದಾದರೆ ಠೇವಣಿ ಎಷ್ಟು, ಮಾಲೀಕರಿಗೆ ಕೊಡುವ, ವಾಪಸ್ ಬಾರದ 'ಕೃತಜ್ಞತಾ ಹಣ' ಎಷ್ಟು, ಜಾಮೀನುದಾರರು ಯಾರು? ಮನೆಯಲ್ಲಿ ಹಾಸಿಗೆ, ಫ್ರಿಜ್, ಹೀಟರ್ ಉಳಿದಿರುತ್ತವೆಯೇ? ಅವರು ಮಾರಿ ಹೋಗುವುದಾದರೆ ಅದಕ್ಕೂ ದುಡ್ಡು ತೆಗೆದಿಡಿ.

ಚಳಿಗಾಲದ ಬಗ್ಗೆ ಬಿಡಿಸಿ ಬಿಡಿಸಿ ಕೇಳಿ. ನೀಗಾತಾ, ಯಾಮಗಾತಾ, ಅಕಿತಾದಂಥ ಜಪಾನ್ ಸಮುದ್ರದ ಕಡೆಯ ಪ್ರಾಂತ್ಯಗಳಲ್ಲಿ ಆಳೆತ್ತರದ ಹಿಮ ಬೀಳುವ ಊರುಗಳಿವೆ. ಹಳೆಯ ಮನೆಗಳಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಸೀಮೆಎಣ್ಣೆ ಹೀಟರ್ ಹಚ್ಚಿಕೊಂಡು ಒಂದೊಂದೇ ಕೋಣೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆಗಾಗ ಕಿಟಕಿ ತೆರೆದು ಗಾಳಿ ಬಿಡದಿದ್ದರೆ ಇದು ಜೀವಕ್ಕೇ ಅಪಾಯ. ಕೊರೆಯುವ ಚಳಿಯ ರಾತ್ರಿಗಳಲ್ಲಿ ನಲ್ಲಿಯ ಪೈಪು ಒಡೆಯದಂತೆ ನೀರು ಖಾಲಿ ಮಾಡಿ ಮಲಗಬೇಕಾಗುತ್ತದೆ. ಅದನ್ನು ಮಾಡುವುದು ಹೇಗೆ ಅಂತಲೂ ಅವರಿಂದಲೇ ಕಲಿಯಿರಿ.

ಗಾಡಿ ಓಡಿಸಲು ಕಲಿಯಿರಿ

ಬಸ್ಸು ಕಡಿಮೆ ಇರುವ ಊರಿನಲ್ಲಿ ಕಾರು ಬೇಕೇ ಬೇಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಟ್ಟ ಅಂತರರಾಷ್ಟ್ರೀಯ ಪರವಾನಗಿ ಜಪಾನಿನಲ್ಲಿ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ಅಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. ಆಗ, ಲೈಸೆನ್ಸ್ ಪಡೆದ ಮೇಲೆ ಅದೇ ದೇಶದಲ್ಲಿ ಕನಿಷ್ಠ ಮೂರು ತಿಂಗಳು ಇದ್ದಿರಿ ಎಂದು ತೋರಿಸಬೇಕಾಗುತ್ತದೆ. ಹೊರಡುವ ಹಿಂದಿನ ವಾರ ಲೈಸೆನ್ಸ್ ಮಾಡಿಸಿದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಹಳ್ಳಿಯ ಕಿರಿದಾದ ರಸ್ತೆಗೆ 660 ಸಿಸಿ ಎಂಜಿನ್ನಿನ ಪುಟ್ಟ ಕಾರು ಸಾಕು. ತೆರಿಗೆಯೂ ಕಡಿಮೆ. ಕಡ್ಡಾಯ ವಿಮೆಯೊಂದೇ ಸಾಲದು, ಹೆಚ್ಚುವರಿ ವಿಮೆಯನ್ನೂ ಖಂಡಿತ ಮಾಡಿಸಿ. ಹಿಮ ಬೀಳುವ ಕಡೆ ಚಳಿಗಾಲದ ಟಯರಿಗೆ ಬೇರೆಯೇ ಖರ್ಚಿದೆ.

ಭಾಷೆ: ಮಾತಿಗಿಂತ ಮೊದಲು ಅಕ್ಷರ

ನಾಲ್ಕು ವಾಕ್ಯ ಬಾಯಿಪಾಠ ಮಾಡುವುದಕ್ಕಿಂತ ಹಿರಗಾನ, ಕತಕಾನ ಎರಡೂ ಲಿಪಿಗಳನ್ನು ಓದಲು ಕಲಿಯುವುದು ಲೇಸು. ಒಂದೊಂದರಲ್ಲಿ 46 ಮೂಲ ಅಕ್ಷರಗಳು. ಕೆಲವು ವಾರ ಕೂತರೆ ಬರುತ್ತವೆ. ಬಸ್ ನಿಲ್ದಾಣದ ಹೆಸರು, ಮಕ್ಕಳ ಎದೆಯ ಮೇಲಿನ ಹೆಸರಿನ ಚೀಟಿ ಓದಲು ಅದರಿಂದ ಸಾಧ್ಯವಾಗುತ್ತದೆ. ಮಗುವನ್ನು ಹೆಸರು ಹಿಡಿದು ಕರೆದರೆ ಅದು ನಿಮ್ಮ ಕಡೆ ನೋಡುವ ರೀತಿಯೇ ಬೇರೆ, ಅಲ್ವಾ?

ತರಗತಿಗೆ ಏನು ಒಯ್ಯಬೇಕು

ಅಲ್ಲಿ ಮೂರು, ನಾಲ್ಕನೇ ತರಗತಿಯಲ್ಲಿ ವಾರಕ್ಕೆ ಸುಮಾರು ಒಂದು ಪೀರಿಯಡ್ ಇಂಗ್ಲಿಷ್ ಮಾತುಕತೆ, ಆಟ ಇರುತ್ತದೆ. 2020ರಿಂದ ಐದು, ಆರನೇ ತರಗತಿಗೆ ಅದು ಅಂಕ ಕೊಡುವ ವಿಷಯವೇ ಆಗಿದೆ. ಪ್ರಾಥಮಿಕ ಶಾಲೆಯಲ್ಲಿ ಪೀರಿಯಡ್ 45 ನಿಮಿಷ, ಮಾಧ್ಯಮಿಕದಲ್ಲಿ 50. ನೀವು ಜಪಾನಿ ಶಿಕ್ಷಕರ ಜೊತೆ ನಿಂತು ಕಲಿಸುತ್ತೀರಿ. ಎಲ್ಲ ತರಗತಿಯಲ್ಲೂ ಮೊದಲ ಪಾಠ ನಿಮ್ಮ ಪರಿಚಯವೇ. ಮನೆಯವರು, ಓದಿದ ಶಾಲೆ, ಮಳೆ, ಹಬ್ಬ, ಅಡುಗೆ, ಹೀಗೆ ದೊಡ್ಡ ಅಳತೆಯ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಒಯ್ಯಿರಿ. ಎಲ್ಲ ಕೋಣೆಯಲ್ಲೂ ಪರದೆ ಇರುತ್ತದೆ ಅಂತ ನಂಬಿ ಕೂರಬೇಡಿ. ಸಣ್ಣ ಶಾಲೆಗಳಲ್ಲಿ ಎರಡು ತರಗತಿಗಳನ್ನು ಸೇರಿಸಿ ಐದಾರು ಮಕ್ಕಳಿಗೆ ಒಟ್ಟಿಗೆ ಪಾಠ ಮಾಡುವುದೂ ಉಂಟು. ಮೂವತ್ತು ಮಕ್ಕಳ ಆಟ ಅಲ್ಲಿ ನಡೆಯುವುದಿಲ್ಲ, ಇಬ್ಬರೇ ಆಡಬಹುದಾದ ಆಟಗಳೂ ಕೈಯಲ್ಲಿರಲಿ.

ಮಧ್ಯಾಹ್ನ ಶಿಕ್ಷಕರೂ ಮಕ್ಕಳೂ ಒಂದೇ ಶಾಲೆಯೂಟ ಮಾಡುತ್ತಾರೆ. ಸಸ್ಯಾಹಾರಿಗಳು ಮುಂಚೆಯೇ ತಿಳಿಸಿ ಬುತ್ತಿ ಒಯ್ಯಲು ಒಪ್ಪಿಗೆ ಪಡೆಯಬೇಕು. ತರಕಾರಿ ಸಾರಿನಂತೆ ಕಾಣುವುದರಲ್ಲೂ ಒಣಮೀನಿನ ರಸ ಇರುವುದು ಸಾಮಾನ್ಯ.

ಪೆಟ್ಟಿಗೆ

ಜಪಾನಿನ ವಿದ್ಯುತ್ 100 ವೋಲ್ಟ್. 230 ವೋಲ್ಟಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಯ್ದು ಪ್ರಯೋಜನವಿಲ್ಲ. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ನಡೆಯುತ್ತವೆ, ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಬೇಕಷ್ಟೆ. ಶಾಲೆಯ ಒಳಗೆ ಮಾತ್ರ ಹಾಕಿಕೊಳ್ಳಲು ಒಂದು ಜೊತೆ ಹೊಸ ಶೂ ಇಟ್ಟುಕೊಳ್ಳಿ. ನಿಮ್ಮ ಪಾದ ದೊಡ್ಡದಾಗಿದ್ದರೆ ಅಲ್ಲಿ ಅಳತೆ ಸಿಗುವುದು ಕಷ್ಟ. ಮೊದಲ ಸಂಬಳ ಬರುವವರೆಗಿನ ಖರ್ಚನ್ನು ಯೆನ್ ನಗದಾಗಿ ಒಯ್ಯಿರಿ. ಹಳ್ಳಿಯ ಅಂಗಡಿಗಳಲ್ಲಿ ಕಾರ್ಡ್ ನಂಬಿಕೊಂಡು ಹೋಗಬಾರದು.

ಇಳಿದ ಮೇಲಿನ ಎರಡು ವಾರ

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗಲೇ ನಿವಾಸಿ ಕಾರ್ಡ್ ಕೊಡುತ್ತಾರೆ. ಮನೆ ಸೇರಿದ 14 ದಿನಗಳೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲ ಅದಾದ ಮೇಲೆಯೇ. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119. ಊರಿನ ಕಚೇರಿಯಲ್ಲೇ ಭೂಕಂಪ, ಪ್ರವಾಹದ ಅಪಾಯ ನಕ್ಷೆ ಸಿಗುತ್ತದೆ. ನಿಮ್ಮ ಮನೆಗೆ ಹತ್ತಿರದ ಆಶ್ರಯ ತಾಣ ಯಾವುದು ಅಂತ ಕೇಳಿ, ಒಮ್ಮೆ ನಡೆದೇ ಹೋಗಿ ನೋಡಿ ಬನ್ನಿ.

ಅಕ್ಕಪಕ್ಕದ ಮನೆಗಳಿಗೆ ಸಿಹಿಯಂಥ ಪುಟ್ಟ ಉಡುಗೊರೆ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ. ಹಾಗೆ ಹೋದಾಗಲೇ ಕಸದ ಕ್ಯಾಲೆಂಡರ್ ತೋರಿಸಿ, ಯಾವ ದಿನ ಯಾವ ಕಸ, ಯಾವ ಚೀಲ, ಎಲ್ಲಿ ಇಡಬೇಕು ಅಂತ ಕೇಳಿಬಿಡಿ. ಊರಿಂದೂರಿಗೆ ಈ ನಿಯಮ ಬೇರೆ. ತಪ್ಪಾಗಿ ವಿಂಗಡಿಸಿದ ಚೀಲವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.