ಕುಡಿದಿದ್ದವನಿಗೆ ಹಿಂದಿನಿಂದ ಗುದ್ದಿದರೆ ತಪ್ಪು ಯಾರದ್ದು? ನನ್ನ ಅನುಭವ

ವೂಂಡ್ ಸರ್ಟಿಫಿಕೇಟ್‌ನಲ್ಲಿ (ಗಾಯದ ಬಗ್ಗೆ ಆಸ್ಪತ್ರೆಯವರು ಬರೆದುಕೊಡುವ ಪತ್ರ) 'ಮದ್ಯದ ವಾಸನೆ ಇದೆ' ಅಂತ ಬರೆದಿದ್ದರೆ ಅಪಘಾತದ ಪರಿಹಾರದ ಕೇಸು ಅರ್ಧ ಸತ್ತ ಹಾಗೆ ಅಂತ ಮಂಡ್ಯದ ಹಿರಿಯ ವಕೀಲರೇ ನನಗೆ ಹೇಳಿದ್ದರು. ಲೋಕ ಅದಾಲತ್‌ನಲ್ಲಿ ಕೊಟ್ಟಷ್ಟು ತಗೊಂಡು ಮುಗಿಸಿ ಅಂದರು. ನಾನು ಮುಗಿಸಲಿಲ್ಲ. ಈಗ ತೀರ್ಪು ಬಂದಿದೆ. ಪೂರ್ತಿ ತಪ್ಪು ಹಿಂದಿನ ಕ್ಯಾಂಟರಿನದ್ದೇ.

ಮದ್ದೂರು–ಮಳವಳ್ಳಿ ರಸ್ತೆ, ಕೆ.ಎಂ.ದೊಡ್ಡಿ ದಾಟಿದ ಮೇಲೆ, 2022ರ ಕೊನೆಯಲ್ಲಿ ಒಂದು ರಾತ್ರಿ. ನನ್ನ ಕಕ್ಷಿದಾರರು ಗಾರೆ ಕೆಲಸದವರು. ಬೈಕಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಕ್ಯಾಂಟರ್ ಗುದ್ದಿತು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಅವರು ಕುಡಿದಿದ್ದು ನಿಜ, ನಾನದನ್ನು ಮುಚ್ಚಿಡಲೂ ಇಲ್ಲ. ಪೊಲೀಸರು ಕ್ಯಾಂಟರ್ ಚಾಲಕನ ಮೇಲೆ ಐಪಿಸಿ 279 (ಅಜಾಗರೂಕ ಚಾಲನೆ), 338 (ಅಜಾಗರೂಕತೆಯಿಂದ ತೀವ್ರ ಗಾಯ) ಹಾಕಿ ಚಾರ್ಜ್‌ಶೀಟ್ ಸಲ್ಲಿಸಿದ್ದರು. ಕ್ಯಾಂಟರಿನ ವಿಮೆಯವರದ್ದು ಒಂದೇ ಪಟ್ಟು: ಕುಡಿದಿದ್ದ, ಲೈಟ್ ಹಾಕಿರಲಿಲ್ಲ, ಸಡನ್ನಾಗಿ ಬ್ರೇಕ್ ಹಾಕಿದ. ಹಾಗಾಗಿ ಅರ್ಧ ತಪ್ಪು ಅವನದ್ದು.

ಮೊದಲು ಹಿಡಿದ ದಾರಿಗಳೆಲ್ಲ ಮುಚ್ಚಿಕೊಂಡವು. ಪೆಟ್ರೋಲ್ ಬಂಕಿನ ಸಿಸಿಟಿವಿ ಕೇಳುವಷ್ಟರಲ್ಲಿ ಅಳಿಸಿಹೋಗಿತ್ತು. ಟೀ ಅಂಗಡಿಯವರು ಪಾಟೀಸವಾಲಿನಲ್ಲಿ 'ಸರಿಯಾಗಿ ನೋಡಲಿಲ್ಲ' ಅಂದುಬಿಟ್ಟರು. ಮೈಸೂರಿನ ಒಬ್ಬ ಖಾಸಗಿ ಇಂಜಿನಿಯರ್ ಹದಿನೈದು ಸಾವಿರದ ಹತ್ತಿರ ತಗೊಂಡು ವೇಗದ ಲೆಕ್ಕ ಬರೆದುಕೊಟ್ಟರು. ಆ ವರದಿ ಒಂದು ಸಾಲಿಗೂ ಕೆಲಸಕ್ಕೆ ಬರಲಿಲ್ಲ. ದುಡ್ಡು ಹೋಗಿದ್ದು ನನ್ನ ಜೇಬಿನಿಂದ.

ಕೊನೆಗೆ ಕೈ ಹಿಡಿದಿದ್ದು ಸ್ಟೇಷನ್ ಅಂಗಳದಲ್ಲಿ ಬಿದ್ದಿದ್ದ ಬೈಕಿನ ಟೈಲ್ ಲ್ಯಾಂಪ್. ಮೇಲಿನ ಕೆಂಪು ಪ್ಲಾಸ್ಟಿಕ್ ಪುಡಿಯಾಗಿತ್ತು, ಒಳಗಿನ ಬಲ್ಬು ಮಾತ್ರ ಉಳಿದಿತ್ತು. ಹಳೇ ಬೈಕು, ಎರಡು ಫಿಲಮೆಂಟಿನ ಬಲ್ಬು. ಒಂದು ಟೈಲ್ ಲೈಟಿಗೆ, ಇನ್ನೊಂದು ಬ್ರೇಕಿಗೆ. ಭೂತಗನ್ನಡಿ ಹಿಡಿದು ನೋಡಿದೆ. ಟೈಲ್ ಲೈಟಿನ ತಂತಿಯ ಸುರುಳಿ ಎಳೆದು ಸಡಿಲವಾಗಿ ಜೋಲುಬಿದ್ದಿತ್ತು, ಬ್ರೇಕಿನದ್ದು ಬಿಗಿಯಾಗಿ ನೆಟ್ಟಗಿತ್ತು. ಉರಿಯುವ ತಂತಿ ಮೆತ್ತಗಿರುತ್ತದೆ, ಪೆಟ್ಟು ಬಿದ್ದರೆ ಹಿಗ್ಗುತ್ತದೆ. ತಣ್ಣಗಿದ್ದರೆ ಹಾಗೆ ಹಿಗ್ಗೋದಿಲ್ಲ. ಅಂದರೆ ಲೈಟ್ ಉರಿಯುತ್ತಿತ್ತು, ಬಹುಶಃ ಬ್ರೇಕ್ ಹಾಕಿರಲಿಲ್ಲ.

ನಂಬಿಕೆ ಬರಲಿ ಅಂತ ಗುಜರಿ ಅಂಗಡಿಯಿಂದ ಒಂದಿಪ್ಪತ್ತು ಹಳೇ ಬಲ್ಬು ತಂದೆ. ಹಲಗೆಗೆ ಹೋಲ್ಡರ್ ಬಿಗಿದು, ಬ್ಯಾಟರಿ ಕೊಟ್ಟು, ಸುತ್ತಿಗೆಯಿಂದ ಹಲಗೆಗೆ ಹೊಡೆದೆ. ಉರಿಯುತ್ತಿದ್ದವು ಬಹುಪಾಲು ಹಿಗ್ಗಿದವು, ಎಲ್ಲವೂ ಅಲ್ಲ. ಉರಿಸದೆ ಹೊಡೆದವುಗಳಲ್ಲಿ ಒಂದೂ ಹಿಗ್ಗಲಿಲ್ಲ. ಎಲ್‌ಇಡಿ ಇದ್ದರೆ ಈ ವಿದ್ಯೆ ನಡೆಯೋದಿಲ್ಲ.

ಬಲ್ಬನ್ನು ಪೊಲೀಸರ ಕೈಯಿಂದಲೇ ಕೋರ್ಟಿಗೆ ತರಿಸಿ, ಅಪಘಾತದ ಗಾಡಿ ಪರೀಕ್ಷಿಸುವ ಸಾರಿಗೆ ಇಲಾಖೆಯ ಮೋಟಾರು ಇನ್ಸ್‌ಪೆಕ್ಟರನ್ನು ಸಾಕ್ಷಿಗೆ ಕರೆಸಿದೆ. ಅವರಿಗೆ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಹಾಕಿದೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ, ಇಂಥದ್ದೇ ಬೇರೆ ಕೇಸು ನಡೀತಿದೆ. ಸ್ಥಳ ಮಹಜರಿನ ನಕ್ಷೆಯೂ ನೆರವಾಯಿತು. ಕ್ಯಾಂಟರಿನ ಬ್ರೇಕ್ ಗುರುತು ಶುರುವಾಗಿದ್ದೇ ಗಾಜಿನ ಚೂರು ಬಿದ್ದ ಜಾಗದಿಂದ ಮುಂದೆ. ಗುದ್ದಿದ ಮೇಲೆ ಬ್ರೇಕ್ ಒತ್ತಿದ್ದಾನೆ, ಅಲ್ವಾ?

ಇನ್ನು ಕುಡಿತದ ಮಾತು. ಕುಡಿದು ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಇಲ್ಲಿ ರಕ್ತವನ್ನೇ ತೆಗೆದಿರಲಿಲ್ಲ. ಬರೀ ವಾಸನೆಯಿಂದ ಅಳತೆ ಸಿಗೋದಿಲ್ಲ. ನನ್ನ ಮುಖ್ಯ ವಾದ ಅದಲ್ಲ. ಮಿತಿ ಮೀರಿ ಕುಡಿದಿದ್ದರೂ, ಆ ಕುಡಿತ ಈ ಡಿಕ್ಕಿಗೆ ಏನು ಮಾಡಿತು ಅನ್ನೋದನ್ನ ವಿಮೆಯವರೇ ತೋರಿಸಬೇಕು. ಬೈಕಿನಲ್ಲಿ ಮೂವರು ಕೂತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನೇ ಹೇಳಿದೆ: ಕಾನೂನು ಮುರಿದಿದ್ದಷ್ಟೇ ಸಾಲದು, ಅದಕ್ಕೂ ಅಪಘಾತಕ್ಕೂ ನಂಟಿರಬೇಕು. ಹಿಂದಿನ ಗಾಡಿ ಮುಂದಿನದ್ದರಿಂದ ಅಂತರ ಕಾಯ್ದುಕೊಳ್ಳುವ ವಿಷಯಕ್ಕೆ ಸುಪ್ರೀಂ ಕೋರ್ಟಿನ 2018ರ ನಿಶಾನ್ ಸಿಂಗ್ ತೀರ್ಪು ಕೊಟ್ಟೆ. ಕುಡಿದು ಓಡಿಸಿದವರಿಗೆ ದಂಡ ಬೀಳಲಿ, ನನ್ನ ತಕರಾರಿಲ್ಲ. ಆದರೆ ಅದಕ್ಕೆ ಕಾಲಿನ ಪರಿಹಾರವನ್ನೇ ಕಿತ್ತುಕೊಳ್ಳೋದು ಅನ್ಯಾಯ.

ಹಿಂದಿನ ಗಾಡಿಯದ್ದೇ ಯಾವಾಗಲೂ ತಪ್ಪು ಅಂದುಕೊಳ್ಳಬೇಡಿ. ನಮ್ಮ ಕಡೆ ಕಬ್ಬಿನ ಸೀಸನ್ನಿನಲ್ಲಿ ರಿಫ್ಲೆಕ್ಟರೇ ಇಲ್ಲದೆ ರಸ್ತೆ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಹೋಗ್ತಾರೆ. ಅಲ್ಲಿ ಅಪಾಯವಾಗುವಂತೆ ಗಾಡಿ ನಿಲ್ಲಿಸುವುದರ ಬಗ್ಗೆ ಇರುವ ಅದೇ ಕಾಯ್ದೆಯ ಸೆಕ್ಷನ್ 122 ಹಿಡಿಯಬೇಕು, ಲೆಕ್ಕವೇ ಬೇರೆ.

ಅದಾಲತ್‌ನಲ್ಲಿ ಮೂರು ಲಕ್ಷದ ಮಾತಾಡಿದ್ದರು. ಸಿಕ್ಕಿದ್ದು ಎಂಟೂವರೆ ಲಕ್ಷದ ಆಸುಪಾಸು, ಶೇ. 6 ಬಡ್ಡಿ ಬೇರೆ. ಒಂದು ಪಾಲು ಎಫ್‌ಡಿಗೆ ಹೋಯಿತು, ಉಳಿದದ್ದರಲ್ಲಿ ಆಪರೇಷನ್ ಸಾಲ ತೀರಿತು.

ಇಂಥ ಕೇಸು ಹಿಡಿದರೆ ಗಾಡಿ ಬಿಡಿಸಿಕೊಳ್ಳುವ ಮೊದಲೇ ಸ್ಟೇಷನ್ನಿಗೆ ಹೋಗಿ. ಗ್ಯಾರೇಜಿಗೆ ಬಂತು ಅಂದರೆ ಮೆಕ್ಯಾನಿಕ್ ಮೊದಲು ಬಿಸಾಡೋದೇ ಒಡೆದ ಟೈಲ್ ಲ್ಯಾಂಪನ್ನ.