ಟಿಎಸ್‌ಒ ನೋಡಲು ಆರು ಜನ ಹೋದ ಕಥೆ

2023ರ ಡಿಸೆಂಬರ್‌ನಲ್ಲಿ ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾ (ಟಿಎಸ್‌ಒ) ಅನ್ನುವ ರಾಕ್ ಸಂಗೀತ ತಂಡದ ಶೋ ನೋಡಲು ಒಬ್ಬನೇ ಹೋಗಿದ್ದೆ. ಸ್ಟೇಜಿನಿಂದ ಒಂಬತ್ತನೇ ಸಾಲು. ದುಡ್ಡು ಜಾಸ್ತಿ ಕೊಟ್ಟಷ್ಟೂ ಚೆನ್ನಾಗಿ ಕಾಣುತ್ತದೆ ಅಂತ ನನ್ನ ಲೆಕ್ಕ. ಹೋಗಿ ಕೂತ ಮೇಲೆ ಗೊತ್ತಾಯಿತು, ಬ್ಯಾಸ್ಕೆಟ್‌ಬಾಲ್ ಆಡುವ ಅರೀನಾದ ನೆಲ ಸಪಾಟಾಗಿರುತ್ತದೆ, ಸಿನಿಮಾ ಮಂದಿರದ ಹಾಗೆ ಇಳಿಜಾರು ಇರುವುದಿಲ್ಲ. ನನ್ನ ಮುಂದೆ ಆರಡಿಗೂ ಮೇಲಿನ ಒಬ್ಬ ಮನುಷ್ಯ. ಸಾಲದ್ದಕ್ಕೆ ತಲೆ ಮೇಲೆ ಸಾಂಟಾ ಟೋಪಿ. ಎರಡೂವರೆ ಗಂಟೆ ಆ ಟೋಪಿಯ ಬಿಳಿ ಉಂಡೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ನೋಡಿದೆ. ಕಿವಿಗೆ ಏನೂ ಹಾಕಿರಲಿಲ್ಲ. ಮಾರನೇ ದಿನ ಸಂಜೆಯವರೆಗೂ ಕಿವಿಯಲ್ಲಿ ಕುಯ್ಯ್ ಅನ್ನುತ್ತಿತ್ತು.

ಆದರೂ ಪಕ್ಕದ ಸೀಟಿನವರ ದೆಸೆಯಿಂದ ಆ ರಾತ್ರಿ ದಂಡವಾಗಲಿಲ್ಲ. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ, ಮೈಮೇಲೆ ಬಣ್ಣ ಮಾಸಿದ ಹಳೆಯ ಟೂರ್ ಟಿ-ಶರ್ಟು. "ಎಷ್ಟನೇ ಸಲ?" ಅಂತ ಕೇಳಿದರು. ಮೊದಲನೇ ಸಲ ಅಂದೆ. "ನನಗೆ ಹತ್ತೊಂಬತ್ತು" ಅಂದರು, ಮೊಮ್ಮಕ್ಕಳ ಲೆಕ್ಕ ಹೇಳುವವರ ಹಾಗೆ. ಒಂದೇ ಶೋವನ್ನು ಮತ್ತೆ ಮತ್ತೆ ನೋಡುವ ಇಂಥವರು ತಮ್ಮನ್ನು ತಾವು 'ರಿಪೀಟ್ ಅಫೆಂಡರ್ಸ್' ಅಂತ ಕರೆದುಕೊಳ್ಳುತ್ತಾರೆ. ತಪ್ಪು ಮಾಡಿ ಮಾಡಿ ಮತ್ತೆ ಸಿಕ್ಕಿಬೀಳುವವರು! ಬೀಳ್ಕೊಡುವಾಗ ಫೋನ್ ನಂಬರ್ ಕೊಟ್ಟು, "ಮುಂದಿನ ವರ್ಷ ಒಬ್ಬರೇ ಬರಬೇಡಿ" ಅಂದರು.

ಈ ತಂಡದ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಬೇಕು. ಹೆಸರಲ್ಲಿ ಸೈಬೀರಿಯಾ ಇದ್ದರೂ ಇದು ಅಮೆರಿಕದ ತಂಡ. 1996ರಲ್ಲಿ ಪಾಲ್ ಓನೀಲ್ ಇದನ್ನು ಕಟ್ಟಿದರು. ರಾಬರ್ಟ್ ಕಿಂಕೆಲ್, ಜಾನ್ ಒಲಿವಾ, ಆಲ್ ಪಿಟ್ರೆಲ್ಲಿ ಜೊತೆಗಿದ್ದರು. ಎಲೆಕ್ಟ್ರಿಕ್ ಗಿಟಾರ್, ಪಿಟೀಲು, ಹತ್ತಾರು ಗಾಯಕರು, ಲೇಸರ್, ಬೆಂಕಿ, ಎಲ್ಲವೂ ಸೇರಿ ಕ್ರಿಸ್‌ಮಸ್ ಕಥೆ ಹೇಳುವುದು ಇವರ ರೀತಿ. ಬೇರು ಇರುವುದು ಸಾವಟಾಜ್ ಅನ್ನುವ ಹೆವಿ ಮೆಟಲ್ ಬ್ಯಾಂಡಿನಲ್ಲಿ. ಬೋಸ್ನಿಯಾದ ಸರಾಯೆವೋದಲ್ಲಿ ಯುದ್ಧದ ನಡುವೆ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸಿದ ಕಲಾವಿದನ ಸುದ್ದಿ ಹಿಡಿದು 1995ರಲ್ಲಿ ಸಾವಟಾಜ್ ಒಂದು ಆಲ್ಬಂ ಮಾಡಿತು. ಅದರಲ್ಲಿದ್ದ ಒಂದು ವಾದ್ಯ ಸಂಗೀತವನ್ನು ರೇಡಿಯೋದವರು ಕ್ರಿಸ್‌ಮಸ್ ಹೊತ್ತಿಗೆ ಹಾಕತೊಡಗಿದರು. ಮರುವರ್ಷ ಅದೇ ಟ್ಯೂನು ಟಿಎಸ್‌ಒ ಹೆಸರಿನಲ್ಲಿ ಬಂತು. ಇವತ್ತಿಗೂ ಅದು ಶುರುವಾದರೆ ಸಾಕು, ಇಡೀ ಅರೀನಾ ಕೇಕೆ ಹಾಕುತ್ತದೆ.

ನಾನು ಇದಕ್ಕೆ ಬಿದ್ದದ್ದು 2005ರಲ್ಲಿ, ಯಾರೋ ಇಮೇಲ್‌ನಲ್ಲಿ ಕಳಿಸಿದ ಒಂದು ವಿಡಿಯೋದಿಂದ. ಒಹಾಯೋದ ಮೇಸನ್ ಊರಿನ ಒಬ್ಬ ಇಂಜಿನಿಯರ್ ತನ್ನ ಮನೆಗೆ ಸುಮಾರು 16,000 ದೀಪ ಕಟ್ಟಿ, ಈ ತಂಡದ ಒಂದು ಟ್ಯೂನಿಗೆ ತಕ್ಕ ಹಾಗೆ ಕುಣಿಸಿದ್ದ. ನೀವೂ ನೋಡಿರುತ್ತೀರಿ. ಆ ಟ್ಯೂನು ಇರುವುದು 2004ರ 'ದಿ ಲಾಸ್ಟ್ ಕ್ರಿಸ್‌ಮಸ್ ಈವ್' ಆಲ್ಬಂನಲ್ಲಿ. 2024ರ ಟೂರಿನಲ್ಲಿ ಅದೇ ಕಥೆ ಆಡುತ್ತಾರೆ ಅಂತ ಗೊತ್ತಾದಾಗ ಮನೆಯಲ್ಲಿ ಹೇಳಿದೆ.

"ಮತ್ತೆ ಅದೇ ಶೋಗಾ? ಹೋದ ವರ್ಷ ನೋಡಿ ಬಂದ್ರಲ್ಲ?" ಅಂದಳು ಹೆಂಡತಿ.

"ಈ ಸಲ ಕಥೆ ಬೇರೆ ಕಣೇ. ಅಲ್ಲದೆ, ನಿಮ್ಮಪ್ಪ ಒಂದೇ ಯಕ್ಷಗಾನ ಪ್ರಸಂಗಾನ ಎಷ್ಟು ಸಲ ನೋಡಿಲ್ಲ?"

ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಅವಳು ಶೋಗೆ ಬರಲೂ ಇಲ್ಲ ಅನ್ನಿ.

ಟೀಚರಮ್ಮನಿಗೆ ಫೋನ್ ಮಾಡಿದೆ. ಅವರದು ಐದು ಜನರ ಗುಂಪು, ನಾನು ಆರನೆಯವ. ಟಿಕೆಟ್ ವಿಷಯದಲ್ಲಿ ಅವರ ನಿಯಮ ಒಂದೇ: ಕೊಳ್ಳುವುದು ಒಬ್ಬರೇ. ಆರು ಜನ ಆರು ಕಡೆಯಿಂದ ಕ್ಲಿಕ್ ಮಾಡಿದರೆ ಆರು ಮೂಲೆಯಲ್ಲಿ ಸೀಟು ಸಿಗುತ್ತದೆ. ಅಭಿಮಾನಿಗಳಿಗೆ ಮೊದಲೇ ಸಿಗುವ ಪ್ರೀಸೇಲ್ ಕೋಡ್ ಅವರ ಬಳಿ ಇತ್ತು. ಅವರು ಕೊಂಡರು, ನಾವು ಅದೇ ದಿನ ದುಡ್ಡು ಕಳಿಸಿದೆವು. ಸ್ನೇಹ ಉಳಿಯಬೇಕಾದರೆ ಅದೇ ದಿನ ಕಳಿಸುವುದು ಒಳ್ಳೆಯದು. ಟಿಕೆಟ್ ಮಾರುವ ಸೈಟಿನವರು ಬೆಲೆ ಒಂದು ತೋರಿಸಿ, ಕೊನೆಯ ಪುಟದಲ್ಲಿ ಶುಲ್ಕದ ಮೇಲೆ ಶುಲ್ಕ ಸೇರಿಸಿ ಇನ್ನೊಂದು ಕೇಳಿದ್ದರು. ಅಮೆರಿಕದಲ್ಲಿ ಈಗ ಪೂರ್ತಿ ಮೊತ್ತವನ್ನು ಮೊದಲೇ ತೋರಿಸಬೇಕು ಅಂತ 2025ರ ಮೇ ತಿಂಗಳಿಂದ ನಿಯಮ ಬಂದಿದೆ. ನಾವು ಆಗ ತಲೆ ಕೆಡಿಸಿಕೊಂಡದ್ದಷ್ಟೇ ಬಂತು. ಪ್ರತಿ ಟಿಕೆಟ್ಟಿನಿಂದ ಕಡಿಮೆಯೆಂದರೂ ಒಂದು ಡಾಲರನ್ನು ತಂಡ ದಾನಕ್ಕೆ ಕೊಡುತ್ತದೆ. ಆ ಒಂದು ಡಾಲರ್ ಬಗ್ಗೆ ಮಾತ್ರ ಯಾರೂ ಗೊಣಗಲಿಲ್ಲ.

ಸೀಟು ಎಲ್ಲಿ ಅನ್ನುವುದೇ ದೊಡ್ಡ ಚರ್ಚೆ. ನಾನು ಇನ್ನೂ ನೆಲದ ಮೋಹದಲ್ಲೇ ಇದ್ದೆ. ಗುಂಪಿನಲ್ಲಿ ಒಬ್ಬರು ಚರ್ಚಿನ ಸೌಂಡ್ ನೋಡಿಕೊಳ್ಳುವವರು. ಅವರು ಪೇಪರ್ ನ್ಯಾಪ್‌ಕಿನ್ ಮೇಲೆ ಅರೀನಾದ ಚಿತ್ರ ಬರೆದು ತೋರಿಸಿದರು. ಒಂದು ತುದಿಗೆ ಸ್ಟೇಜ್. ನೆಲದ ನಡುವೆ, ಸ್ವಲ್ಪ ಹಿಂದಕ್ಕೆ, ಸದ್ದು ಬೆರೆಸುವ ಮಿಕ್ಸರ್ ಮುಂದೆ ಕೂರುವ ಸೌಂಡ್ ಇಂಜಿನಿಯರ್. ಅವನು ತನ್ನ ಕಿವಿಗೆ ಸರಿ ಕಂಡಂತೆ ಹದ ಮಾಡುತ್ತಾನೆ. ಹಾಗಾಗಿ ಅವನಿಗೆ ಹತ್ತಿರ ಕೂತಷ್ಟೂ ಸಂಗೀತ ಹದವಾಗಿ ಕೇಳುತ್ತದೆ. ಇನ್ನೊಂದು ವಿಷಯ, ಲೇಸರ್. ಅದು ಸ್ಟೇಜಿನ ಮೇಲೆ ಆಗುವ ಸಂಗತಿಯೇ ಅಲ್ಲ. ಗಾಳಿಯಲ್ಲಿ ತೆಳುವಾಗಿ ಹೊಗೆ ಬಿಟ್ಟಿರುತ್ತಾರೆ, ಬೆಳಕಿನ ಗೆರೆ ಆ ಹೊಗೆಯಲ್ಲಿ ಮೂಡಿ ಜನರ ತಲೆ ಮೇಲೆ ಚಾವಣಿ ಕಟ್ಟುತ್ತದೆ. ಒಂಬತ್ತನೇ ಸಾಲಿನಲ್ಲಿ ಕೂತವನು ಆ ಚಾವಣಿಯ ಕೆಳಗಿರುತ್ತಾನೆ. ನೋಡಬೇಕಾದರೆ ದೂರ ಬೇಕು, ಸ್ವಲ್ಪ ಎತ್ತರ ಬೇಕು. ಕೊನೆಗೆ ಕೆಳಗಿನ ಗ್ಯಾಲರಿಯ ಪಕ್ಕದ ಭಾಗದಲ್ಲಿ, ಮಿಕ್ಸರ್‌ಗೆ ಸರಿಸಮಕ್ಕೆ ಆರು ಸೀಟು. ನೆಲಕ್ಕಿಂತ ಕಡಿಮೆ ಬೆಲೆ. ನನ್ನ ಮಟ್ಟಿಗೆ ಇನ್ನು ನೆಲದ ಸೀಟಿನ ಮಾತೇ ಇಲ್ಲ.

ತಂಡ ಒಂದೇ ದಿನ ಒಂದೇ ಊರಲ್ಲಿ ಎರಡು ಶೋ ಮಾಡುವುದು ಸಾಮಾನ್ಯ, ಮಧ್ಯಾಹ್ನ ಒಂದು, ರಾತ್ರಿ ಒಂದು. ದೇಶದ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಅಂತ ಎರಡು ತಂಡಗಳೇ ಏಕಕಾಲಕ್ಕೆ ಸುತ್ತುತ್ತವೆ. ಇಲ್ಲದಿದ್ದರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯೊಳಗೆ ಅಷ್ಟು ಊರು ಮುಗಿಸಲು ಎಲ್ಲಿ ಆಗುತ್ತದೆ? ಈಸ್ಟ್ ಮೇಲಾ ವೆಸ್ಟ್ ಮೇಲಾ ಅಂತ ಅಭಿಮಾನಿಗಳು ಊಟ ಬಿಟ್ಟು ವಾದ ಮಾಡುತ್ತಾರೆ. ನಾನು ನೋಡಿರುವುದು ಒಂದನ್ನೇ, ಹಾಗಾಗಿ ಸುಮ್ಮನಿರುತ್ತೇನೆ. ಮಧ್ಯಾಹ್ನದ ಶೋಗೆ ಮಕ್ಕಳು ಜಾಸ್ತಿ. ನಾವು ರಾತ್ರಿಯದನ್ನೇ ಆರಿಸಿಕೊಂಡೆವು.

ಆ ದಿನ ಬಾಗಿಲಲ್ಲೇ ಎಡವಟ್ಟಾಯಿತು. ನನ್ನದೇ ತಪ್ಪು. ಹೆಗಲಿಗೆ ದಿನಾ ಆಫೀಸಿಗೆ ಒಯ್ಯುವ ಕಪ್ಪು ಬ್ಯಾಗ್ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಒಳಗೆ ಕಾಣುವ ಪ್ಲಾಸ್ಟಿಕ್ ಬ್ಯಾಗಿಗೆ ಮಾತ್ರ ಅವಕಾಶ, ಅದೂ 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪದ ಒಳಗೆ. ಕಾವಲಿನವರು ಕೈ ಅಡ್ಡ ಇಟ್ಟರು. ಕಾರು ನಿಲ್ಲಿಸಿದ್ದು ನಾಲ್ಕು ಬೀದಿ ಆಚೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಓಡಿ ಹೋಗಿ, ಬ್ಯಾಗ್ ಡಿಕ್ಕಿಗೆ ಹಾಕಿ, ಏದುಸಿರು ಬಿಡುತ್ತಾ ವಾಪಸ್ ಬಂದೆ. ಅಷ್ಟರಲ್ಲಿ ಟಿಕೆಟ್ಟಿನ ಸ್ಕ್ರೀನ್‌ಶಾಟ್ ತೋರಿಸಲು ಹೋಗಿ ನಮ್ಮವರಲ್ಲೇ ಇನ್ನೊಬ್ಬರು ಸಿಕ್ಕಿಬಿದ್ದಿದ್ದರು. ಫೋನಿನಲ್ಲಿ ಬಾರ್‌ಕೋಡ್ ಬದಲಾಗುತ್ತಲೇ ಇರುತ್ತದೆ, ಹಳೆಯ ಚಿತ್ರ ನಡೆಯಲ್ಲ. ಟೀಚರಮ್ಮ ಮೊದಲೇ ಪ್ರತಿಯೊಬ್ಬರ ಟಿಕೆಟ್ಟನ್ನೂ ಅವರವರ ಫೋನಿಗೆ ದಾಟಿಸಿದ್ದರು. ತೆರೆದು ನೋಡಬೇಕಿತ್ತು ಅಷ್ಟೇ.

ಒಳಗೆ ಕೂತ ಮೇಲೆ ಇನ್ನೊಂದು ತಾಪತ್ರಯ, ಚಳಿಗಾಲದ ಕೋಟು. ಮಡಿಲಲ್ಲಿ ಇಟ್ಟುಕೊಂಡರೆ ಬೆವರು, ಕೆಳಗೆ ಇಟ್ಟರೆ ಹಿಂದಿನವರ ಬಿಯರ್ ಹರಿದು ಬರುತ್ತದೆ. ಅನುಭವಸ್ಥರು ಕೋಟಿನ ಒಳಗಡೆ ಹೊರಗೆ ಬರುವಂತೆ ತಿರುಗಿಸಿ, ಸೀಟಿನ ಬೆನ್ನಿಗೆ ಹೊದಿಸಿ, ಅದಕ್ಕೇ ಒರಗಿ ಕೂತರು. ನಾನೂ ಹಾಗೇ ಮಾಡಿದೆ.

ಆಮೇಲೆ ಟೀಚರಮ್ಮ ಒಂದು ಪುಟ್ಟ ಡಬ್ಬಿ ತೆಗೆದು ಎಲ್ಲರಿಗೂ ಹಳದಿ ಫೋಮ್ ಇಯರ್‌ಪ್ಲಗ್ ಹಂಚಿದರು, ಪ್ರಸಾದದ ಹಾಗೆ. ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ತೂರಿಸಬೇಕು. ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ನಾನು ಮೊದಲು ಸುಮ್ನೆ ಬಿರಡೆಯ ಹಾಗೆ ತುರುಕಿ, "ಏನೂ ವ್ಯತ್ಯಾಸ ಇಲ್ಲವಲ್ಲ" ಅಂದೆ. ಸೌಂಡಿನವರು ನಕ್ಕು ಸರಿಯಾಗಿ ಹಾಕಿಸಿದರು. ಅವರು ಹೇಳಿದ ಲೆಕ್ಕ ಇದು: 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬಂದರೆ ಉಳಿಯುವುದು ಹದಿನೈದು ನಿಮಿಷ. ಎರಡೂವರೆ ಗಂಟೆಯ ಶೋಗೆ ಹದಿನೈದು ನಿಮಿಷದ ಕಿವಿ ಸಾಕಾಗುತ್ತದಾ?

ಇಂಟರ್ವಲ್ ಇರುವುದಿಲ್ಲ. ಶುರುವಾಗುವ ಮುಂಚೆಯೇ ಶೌಚಕ್ಕೆ ಹೋಗಿ ಬನ್ನಿ. ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಬಳಿ ಇಲ್ಲ.

ಫೋನಿನ ಬಗ್ಗೆ ಮೊದಲೇ ಒಪ್ಪಂದವಾಗಿತ್ತು. ನಮ್ಮಲ್ಲಿ ಒಬ್ಬ ಹುಡುಗ ಎಲ್ಲವನ್ನೂ ರೆಕಾರ್ಡ್ ಮಾಡುವ ಜಾತಿ. ಅವನಿಗೆ ಎರಡು ಹಾಡು ಅಂತ ಮಾತಾಯಿತು. ಯಾವ ಎರಡು ಅನ್ನುವುದು ಅವನ ಇಷ್ಟ, ಕಥೆ ನಡೆಯುವಾಗ ಮಾತ್ರ ಬೇಡ. ಮೊದಲ ಭಾಗದಲ್ಲಿ ನಿರೂಪಕ ಕಥೆ ಹೇಳುತ್ತಾ ಹೋಗುತ್ತಾನೆ, ನಡುನಡುವೆ ಹಾಡು. ಆಗ ನಮ್ಮ ಸಾಲಿನಲ್ಲಿ ಪಿಸುಮಾತೂ ಇರಲಿಲ್ಲ. ಹೋದ ವರ್ಷ ನನ್ನ ಸುತ್ತ ಇದ್ದವರು ಆ ಹೊತ್ತಲ್ಲೇ ಪಾಪ್‌ಕಾರ್ನ್ ತರಲು ಎದ್ದು ಹೋಗುತ್ತಿದ್ದರು. ಗೊತ್ತಿರುವವರ ಜೊತೆ ಕೂತರೆ ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ತಾನಾಗಿ ಬರುತ್ತದೆ.

ಕಥೆ ನ್ಯೂಯಾರ್ಕಿನದು. ಒಬ್ಬ ಶ್ರೀಮಂತ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ, ಹುಟ್ಟಿದ ಗಂಡು ಮಗುವಿನ ಮೆದುಳಿಗೆ ಪೆಟ್ಟಾಗಿದೆ. ಅವನು ಮಗುವನ್ನು ಸರ್ಕಾರದ ಸುಪರ್ದಿಗೆ ಬಿಟ್ಟು ಹೊರಟುಹೋಗಿದ್ದಾನೆ. ಎಷ್ಟೋ ವರ್ಷದ ಮೇಲೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಗನನ್ನು ಹುಡುಕಿಕೊಂಡು ಹೋಗುತ್ತಾನೆ. ಮಗ ಸಿಗುವುದು ಆಸ್ಪತ್ರೆಯಲ್ಲಿ. ಅಮಲಿನ ಚಟ ಇದ್ದ ತಾಯಂದಿರಿಗೆ ಹುಟ್ಟಿದ ಹಸುಗೂಸುಗಳನ್ನು ಎತ್ತಿಕೊಂಡು ತೂಗುವುದೇ ಅವನ ಕೆಲಸ. ಈ ಕಥೆ ನನಗೆ ಆಲ್ಬಂನಿಂದ ಬಾಯಿಪಾಠ ಆಗಿತ್ತು. ಆದರೂ ಆ ಜಾಗಕ್ಕೆ ಬಂದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಇಪ್ಪತ್ತನೇ ಸಲ ಬಂದಿದ್ದ ಟೀಚರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ನಾನು ಬೇಗ ಸ್ಟೇಜಿನ ಕಡೆ ತಿರುಗಿದೆ.

ಕಥೆ ಮುಗಿದ ಮೇಲೆ ಶುರುವಾಗುವುದು ಜಾತ್ರೆ. ಬೆಂಕಿ ಎದ್ದಾಗ ಅಷ್ಟು ದೂರದಲ್ಲಿದ್ದ ನಮ್ಮ ಮುಖಕ್ಕೂ ಒಲೆ ಬಾಯಿ ತೆರೆದಂತೆ ಬಿಸಿ ಬಡಿಯಿತು. ನೆಲದವರ ಮೇಲೆ ನೊರೆಯ ಹಿಮ ಉದುರಿತು. ಅದನ್ನು ನೋಡುವಾಗ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಲಾವಿದರು ನೆಲದ ಹಿಂಭಾಗಕ್ಕೆ ಬಂದರು, ಅಲ್ಲಿದ್ದ ಚಿಕ್ಕ ವೇದಿಕೆ ಮೇಲೆದ್ದಿತು. ಅದು ನಮ್ಮ ಸೀಟಿಗೆ ಎದುರಲ್ಲೇ! ಇಪ್ಪತ್ತು ಸಲ ನೋಡಿದವರು ಸೀಟು ಆರಿಸಿದರೆ ಇದೇ ಲಾಭ.

'ಕ್ಯಾರಲ್ ಆಫ್ ದಿ ಬೆಲ್ಸ್' ಅನ್ನುವ, ಗಂಟೆಗಳ ಆ ಹಳೆಯ ಕ್ರಿಸ್‌ಮಸ್ ರಾಗ ಬಂದಾಗ ನಮ್ಮ ಗುಂಪಿನ ಇನ್ನೊಬ್ಬ ಹೆಂಗಸು ಬೇರೆಯದೇ ಪದಗಳನ್ನು ಗುನುಗುತ್ತಿದ್ದರು. ಅವರ ಅಜ್ಜಿ ಉಕ್ರೇನಿನಿಂದ ಬಂದವರು. ಈ ರಾಗ ಅಲ್ಲಿಯದು, ಮಿಕೋಲಾ ಲಿಯೊಂಟೊವಿಚ್ ಹೊಂದಿಸಿದ್ದು. 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದರು. ಆ ಮೂಲ ಹಾಡಿನಲ್ಲಿ ಗಂಟೆಯೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಒಂದು ಹಕ್ಕಿ ಮನೆಗೆ ಹಾರಿ ಬಂದು, ಹೊಸ ವರ್ಷ ಚೆನ್ನಾಗಿರುತ್ತದೆ ಅಂತ ಯಜಮಾನನಿಗೆ ಹೇಳುತ್ತದೆ. ಇಂಗ್ಲಿಷ್ ಪದ ಸೇರಿದ್ದು 1936ರಲ್ಲಿ. ಒಂಟಿಯಾಗಿ ಹೋಗಿದ್ದರೆ ಇದು ನನಗೆ ಯಾವ ಕಾಲಕ್ಕೆ ಗೊತ್ತಾಗುತ್ತಿತ್ತು?

ಶೋ ಮುಗಿದಾಗ ಹತ್ತು ದಾಟಿತ್ತು. ಜನ ಬಾಗಿಲಿಗೆ ಮುಗಿಬಿದ್ದರು, ನಾವು ಏಳಲೇ ಇಲ್ಲ. ಹೇಗೂ ಪಾರ್ಕಿಂಗಿನಲ್ಲಿ ಮುಕ್ಕಾಲು ಗಂಟೆ ಕಾರು ಅಲ್ಲಾಡುವುದಿಲ್ಲ, ಅಲ್ಲಿ ನಡುಗುವ ಬದಲು ಇಲ್ಲೇ ಬೆಚ್ಚಗೆ ಕೂರೋಣ ಅಂತ. ಕೆಲಸದವರು ಸ್ಟೇಜ್ ಬಿಚ್ಚಲು ಶುರು ಮಾಡಿದ್ದರು. ರಾತ್ರೋರಾತ್ರಿ ಎಲ್ಲವನ್ನೂ ಲಾರಿಗಳಿಗೆ ತುಂಬಿ ಮುಂದಿನ ಊರಿಗೆ ಒಯ್ಯಬೇಕು. ಐದು ನಿಮಿಷದ ಹಿಂದೆ ಬೆಂಕಿ ಉಗುಳುತ್ತಿದ್ದ ಕಂಬವನ್ನು ಇಬ್ಬರು ಮಲಗಿಸಿ ತಳ್ಳಿಕೊಂಡು ಹೋದರು. ಟೀಚರಮ್ಮ 2017ರಲ್ಲಿ ತೀರಿಕೊಂಡ ಪಾಲ್ ಓನೀಲ್ ಬಗ್ಗೆ ಹೇಳುತ್ತಾ ಕೂತರು. ಎರಡು ಹಾಡಿನ ಹುಡುಗ ತನ್ನ ವಿಡಿಯೋ ತೋರಿಸಿದ. ಒಂದರಲ್ಲಿ ಪೂರ್ತಿ ಅವನದೇ ಕಿರುಚಾಟ. ಇನ್ನೊಂದು ಸೊಗಸಾಗಿ ಬಂದಿತ್ತು, ನನ್ನನ್ನು 2005ರಲ್ಲಿ ಹಿಡಿದ ಅದೇ ಟ್ಯೂನು. ಅಲ್ಲೇ ಕಳಿಸಿಕೊಂಡೆ.

ಮನೆಗೆ ಬಂದು ಕೋಟು ನೇತುಹಾಕುವಾಗ ಜೇಬಿನಲ್ಲಿ ಒಂದೇ ಇಯರ್‌ಪ್ಲಗ್ ಸಿಕ್ಕಿತು. ಇನ್ನೊಂದು ಬಿದ್ದುಹೋಯಿತು ಅಂದುಕೊಂಡೆ. "ಏನ್ರೀ ಅದು ಹಳದಿ?" ಅಂದಳು ಹೆಂಡತಿ ಅರೆನಿದ್ದೆಯಲ್ಲಿ. ಅದು ಇನ್ನೂ ಎಡಗಿವಿಯಲ್ಲೇ ಇತ್ತು.