ಕೆಮ್ಮುವ ಮಗುವಿನ ಉಸಿರು ಎಣಿಸುವುದು ಹೇಗೆ

ಮಗುವಿಗೆ ನೆಗಡಿ ಕೆಮ್ಮು ಬಂದರೆ ನಾವೆಲ್ಲ ಮೊದಲು ಹಣೆ ಮುಟ್ಟಿ ಜ್ವರ ನೋಡುತ್ತೇವೆ. ನೋಡಬೇಕು ನಿಜ. ಆದರೆ ಕಾಯಿಲೆ ಎದೆಗೆ ಇಳಿದು ನ್ಯುಮೋನಿಯಾ ಆಗುತ್ತಿದೆಯಾ ಎಂದು ಅಂದಾಜು ಮಾಡಬೇಕಾದರೆ ಉಸಿರನ್ನೂ ಎಣಿಸಬೇಕು. ಸೆಕೆಂಡ್ ತೋರಿಸುವ ಗಡಿಯಾರವೋ ಮೊಬೈಲ್ ಟೈಮರ್ರೋ ಇದ್ದರೆ ಸಾಕು.

ಮಗು ಸುಮ್ಮನಿರುವಾಗ ಎಣಿಸಿ. ಅಳುವಾಗ, ಹಾಲು ಕುಡಿಯುವಾಗ, ಆಡಿ ಬಂದ ತಕ್ಷಣ ಎಣಿಸಿದರೆ ಲೆಕ್ಕ ಜಾಸ್ತಿ ಬರುತ್ತದೆ. ಮಲಗಿದ್ದರೆ ಎಬ್ಬಿಸಬೇಡಿ, ಹಾಗೇ ಎಣಿಸಿ. ಬೆಳಕಿರುವ ಕಡೆ ಅಮ್ಮನ ತೊಡೆ ಮೇಲೆ ಮಲಗಿಸಿಕೊಂಡು, ಹೊಟ್ಟೆ, ಎದೆ ಎರಡೂ ಕಾಣುವಂತೆ ಅಂಗಿ ಮೇಲಕ್ಕೆ ಸರಿಸಿ. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಯಾಕೆಂದರೆ ಎಳೆ ಮಕ್ಕಳು ಸ್ವಲ್ಪ ಹೊತ್ತು ಬೇಗ ಬೇಗ ಉಸಿರಾಡಿ ಮತ್ತೆ ನಿಧಾನ ಮಾಡುತ್ತಾರೆ, ಲೆಕ್ಕ ತಪ್ಪುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ. ಸಂಶಯ ಬಂದರೆ ಇನ್ನೊಂದು ಸಲ.

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಕೆಮ್ಮಿನ ಜೊತೆ ಇಷ್ಟು ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎರಡು ತಿಂಗಳೊಳಗಿನ ಕೂಸಾದರೆ ಒಂದು ಗಂಟೆ ಕೂಡ ಕಾಯಬೇಡಿ.

ಈ ಸಂಖ್ಯೆಗಳ ಹಿಂದೆ ದೊಡ್ಡ ಕೆಲಸವಿದೆ. ಪಪುವಾ ನ್ಯೂಗಿನಿಯ ಗೊರೋಕಾ ಎಂಬ ಊರಿನಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು, ಎಕ್ಸ್‌ರೇ ಇಲ್ಲದ ಕಡೆ ನ್ಯುಮೋನಿಯಾ ಗುರುತಿಸುವುದು ಹೇಗೆ ಎಂದು ಹುಡುಕುತ್ತಾ, ಉಸಿರಿನ ವೇಗ ಮತ್ತು ಪಕ್ಕೆ ಒಳಕ್ಕೆ ಸೆಳೆಯುವುದನ್ನು ನಂಬಬಹುದು ಎಂದು 1980ರ ದಶಕದಲ್ಲಿ ತೋರಿಸಿದರು. 1988ರಲ್ಲಿ ವೆಲ್ಲೂರಿನ ಸಂಶೋಧಕರು ವಯಸ್ಸಿಗೆ ತಕ್ಕಂತೆ ಗಡಿ ಬೇರೆ ಇರಬೇಕು ಎಂದರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಮಾಡಿದ್ದು. ಅವರು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ನ್ಯುಮೋನಿಯಾ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಓದು ಬರಹ ಬಾರದವರಿಗೆ ಮರಳಿನ ಗಡಿಯಾರ ಮತ್ತು ಮಣಿಗಳಿದ್ದ ಒಂದು ಸಾಧನವನ್ನೇ ಮಾಡಿಕೊಟ್ಟರು: ಹತ್ತು ಉಸಿರಿಗೆ ಒಂದು ಮಣಿ ಸರಿಸಿದರೆ ಆಯಿತು. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಈ ಕೆಲಸ ನಡೆದ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ ಉಳಿದ ಹಳ್ಳಿಗಳ ಅರ್ಧಕ್ಕಿಂತ ಕಡಿಮೆ ಇತ್ತು. ಅವರಿಗೆ ಸಾಧ್ಯವಾಗಿದ್ದು ನಮಗೂ ಸಾಧ್ಯ, ಅಲ್ವಾ?

ಎಣಿಸುವಾಗಲೇ ಪಕ್ಕೆ ಕಡೆ ಕಣ್ಣಿರಲಿ. ಉಸಿರು ಒಳಗೆ ಎಳೆದಾಗ ಎದೆ ಉಬ್ಬಬೇಕು. ಅದರ ಬದಲು ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಎಣಿಕೆ ಎಷ್ಟೇ ಬಂದಿರಲಿ, ಆಸ್ಪತ್ರೆಗೆ ಹೊರಡಿ. ಹಾಲು ನೀರು ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಪ್ರತಿ ಉಸಿರಿಗೂ ನರಳುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ‘ಜ್ವರ ಇದೆ, ಅದಕ್ಕೇ ಉಸಿರು ಜೋರು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಮನೆಯಲ್ಲಿ ಎದೆಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕುಡಿಸಿ. ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿಯನ್ನು ದಯವಿಟ್ಟು ಬಿಡಿ. ಅಜ್ಜಿಗೆ ಬೇಜಾರಾಗಬಹುದು, ಪ್ರೀತಿಯಿಂದಲೇ ಹೇಳಿ, ಆ ಪುಟ್ಟ ಶ್ವಾಸಕೋಶಕ್ಕೆ ಹೊಗೆ ಯಾವುದಾದರೂ ಹೊಗೆಯೇ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ. ಕಳೆದ ಸಲ ಉಳಿದ ಆ್ಯಂಟಿಬಯೋಟಿಕ್ ಸಿರಪ್ ಅಂತೂ ಬೇಡವೇ ಬೇಡ. ತಾಯಿ ಕಾರ್ಡ್ ತೆಗೆದು ಪಿಸಿವಿ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ) ಲಸಿಕೆ ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು ಮೂರೂ ಆಗಿದೆಯಾ ನೋಡಿ. ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ಡಾಕ್ಟರ ಹತ್ತಿರ ಹೋಗುವಾಗ ಮಗುವಿನ ವಯಸ್ಸು, ಎಷ್ಟು ಗಂಟೆಗೆ ಎಣಿಸಿದಿರಿ, ಎಷ್ಟು ಬಂತು, ಆಗ ಮಲಗಿತ್ತಾ ಎಚ್ಚರ ಇತ್ತಾ ಎಂದು ಬರೆದುಕೊಂಡು ಹೋಗಿ. ಔಷಧಿ ಶುರುವಾದ ಮೇಲೂ ದಿನಾ ಎಣಿಸಿ ಅದೇ ಚೀಟಿಯಲ್ಲಿ ಬರೆಯಿರಿ. ಎರಡು ದಿನವಾದರೂ ಲೆಕ್ಕ ಇಳಿಯದಿದ್ದರೆ ಮತ್ತೆ ತೋರಿಸಿ, ಏರಿದರೆ ಅಷ್ಟೂ ಕಾಯಬೇಡಿ.